ಹಕ್ಕಿಯ ಮಟ್ಟಕ್ಕೆ ಇಳಿದ ಕ್ಯಾಮೆರಾ

ಕಡಲ ತಡಿಯಲ್ಲಿ ಮುಂಜಾನೆ ತಿರುಗಾಡುವ ಅಭ್ಯಾಸ ನಿಮಗಿದ್ದರೆ ಈ ನೋಟವನ್ನು ನೀವು ಕಂಡೇ ಇರುತ್ತೀರಿ. ತೆರೆ ಹಿಂದಕ್ಕೆ ಸರಿಯುತ್ತಲೇ, ಗುಬ್ಬಚ್ಚಿಗಿಂತ ತುಸು ದೊಡ್ಡವಾದ ಹತ್ತಾರು ಹಕ್ಕಿಗಳು ಅದನ್ನು ಅಟ್ಟಿಕೊಂಡು ನೀರಿನ ಅಂಚಿನವರೆಗೂ ಓಡುತ್ತವೆ. ಒದ್ದೆ ಮರಳನ್ನು ಕೊಕ್ಕಿನಿಂದ ನಾಲ್ಕು ಸಲ ಚುಚ್ಚಿ, ಸಿಕ್ಕಿದ್ದನ್ನು ನುಂಗಿ, ಮುಂದಿನ ತೆರೆ ಬಂದು ಅಪ್ಪಳಿಸುವ ಮೊದಲೇ ದಡಕ್ಕೆ ಓಡಿಬರುತ್ತವೆ. ಆ ಓಟದ ವೇಗದಲ್ಲಿ ಕಾಲುಗಳೇ ಕಾಣಿಸವು. ಕೀಲಿ ಕೊಟ್ಟು ಬಿಟ್ಟ ಆಟದ ಸಾಮಾನು ಹರಿದಾಡಿದಂತೆ ತೋರುತ್ತದೆ. ಇದು ಸ್ಯಾಂಡರ್ಲಿಂಗ್ ಎಂಬ ಗೊರವ. ಉತ್ತರ ಧ್ರುವದ ಸಮೀಪದ ಬಯಲುಗಳಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ನಮ್ಮ ಕರಾವಳಿಯವರೆಗೂ ಬರತಕ್ಕ ಅತಿಥಿ.

ಇದರ ಚಿತ್ರವೊಂದನ್ನು ತೆಗೆಯೋಣವೆಂದು ನೀವು ನಿಂತಲ್ಲಿಂದಲೇ ಕ್ಯಾಮೆರಾ ಹಿಡಿದಿರೆನ್ನಿ. ಮನೆಗೆ ಬಂದು ನೋಡಿದರೆ ಕಾಣುವುದೇನು? ಕಂದು ಮರಳಿನ ಮೇಲೊಂದು ಕಂದು ಚುಕ್ಕೆ. ಹಕ್ಕಿಯ ಬೆನ್ನು ಮಾತ್ರ ಕಂಡೀತು, ಕಣ್ಣು ಕಾಣದು. ಅದೇ ಹಕ್ಕಿಯನ್ನು ಮರಳಿನ ಮೇಲೆ ಬೋರಲಾಗಿ ಮಲಗಿ ತೆಗೆದ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಕಪ್ಪು ಮಣಿಯಂಥ ಕಣ್ಣು ನೇರವಾಗಿ ನಮ್ಮ ಕಣ್ಣಿಗೆ ಕಣ್ಣು ಕೊಡುತ್ತದೆ. ಹಿಂದೆ ಕಡಲು ಮಂಜಿನಂತೆ ಕರಗಿ ನಿಂತಿರುತ್ತದೆ. ಹಕ್ಕಿ ತನ್ನ ಲೋಕದಲ್ಲಿ ಯಜಮಾನನಂತೆ ನಿಂತಿರುತ್ತದೆ. ಎರಡು ಚಿತ್ರಗಳ ನಡುವಿನ ಅಂತರ ಹೆಚ್ಚೆಂದರೆ ಐದಡಿ. ಅಲ್ಲೊಬ್ಬರು ಇಲ್ಲೊಬ್ಬರು ಹಿಂದೆಯೂ ಮಲಗಿದ್ದುಂಟು. ಆದರೆ ಆ ಐದಡಿ ಇಳಿಯುವುದು ವಾಡಿಕೆಯಾಗಲು ಕ್ಯಾಮೆರಾಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಈ ಇಳಿತದ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ. ಇದು ಬರಿಯ ಯಂತ್ರದ ಕಥೆಯಲ್ಲ. ಮನುಷ್ಯನು ಹಕ್ಕಿಯ ಮುಂದೆ ಯಾವ ಭಂಗಿಯಲ್ಲಿ ನಿಂತನೆಂಬುದರ ಕಥೆ.

ಮೊದಲಿಗೆ ಅವನು ನಿಂತದ್ದು ಕೋವಿ ಹಿಡಿದು. ಹತ್ತೊಂಬತ್ತನೆಯ ಶತಮಾನದಲ್ಲಿ ಹಕ್ಕಿಯನ್ನು ಅರಿಯುವುದೆಂದರೆ ಹೊಡೆದು ಕೈಯಲ್ಲಿ ಹಿಡಿದು ನೋಡುವುದೆಂದೇ ಅರ್ಥ. ದೊಡ್ಡ ವಿದ್ವಾಂಸರೂ ಹಾಗೆಯೇ ಮಾಡಿದರು; ಅವರನ್ನು ಇಂದು ಹಳಿದು ಫಲವಿಲ್ಲ, ದುರ್ಬೀನುಗಳು ಆಗ ಅಷ್ಟಕ್ಕಷ್ಟೆ. ಕೆಂಟಿಶ್ ಪ್ಲೋವರ್ ಎಂಬ ಪುಟ್ಟ ಹಕ್ಕಿಯ ಹೆಸರಿನಲ್ಲೇ ಈ ಇತಿಹಾಸ ಅಡಗಿದೆ. ಲಿನೇಯಸ್ 1758ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದ ಹೆಸರನ್ನು ಅದಕ್ಕೆ ಕೊಟ್ಟಿದ್ದ. ಇಂಗ್ಲೆಂಡಿನ ಕೆಂಟ್ ಪ್ರಾಂತದ ಸ್ಯಾಂಡ್‌ವಿಚ್ ಎಂಬಲ್ಲಿ ಹೊಡೆದ ಹಕ್ಕಿಗಳನ್ನು ಆಧಾರವಾಗಿಟ್ಟುಕೊಂಡು ಜಾನ್ ಲೇಥಮ್ 1801ರಲ್ಲಿ ಅದನ್ನು ವರ್ಣಿಸಿದ. ಅಂದಿನಿಂದ ಇಂಗ್ಲಿಷಿನಲ್ಲಿ ಅದು 'ಕೆಂಟಿನ ಹಕ್ಕಿ'. ಮುಂದೆ ಏನಾಯಿತು? ಚರ್ಮ ಕೂಡಿಡುವವರು, ಮೊಟ್ಟೆ ಕೂಡಿಡುವವರು, ಕಡಲ ದಂಡೆಯಲ್ಲಿ ಮನೆ ಕಟ್ಟುವವರು ಒಬ್ಬರಾದ ಮೇಲೊಬ್ಬರು ಬಂದರು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಕೆಂಟಿನಲ್ಲಿ ಕೆಂಟಿನ ಹಕ್ಕಿ ಗೂಡು ಮಾಡುವುದೇ ಬಹುಮಟ್ಟಿಗೆ ನಿಂತುಹೋಯಿತು. ಊರು ಬಿಟ್ಟರೂ ಊರಿನ ಹೆಸರು ಬಿಡದವರಂತೆ, ಹೆಸರೊಂದು ಉಳಿಯಿತು. ಅದೃಷ್ಟಕ್ಕೆ ಜಗತ್ತಿನ ಬೇರೆಡೆಗಳಲ್ಲಿ ಈ ಹಕ್ಕಿ ಇನ್ನೂ ಇದೆ. ಚಳಿಗಾಲದಲ್ಲಿ ನಮ್ಮ ಕರಾವಳಿಯ ಮರಳಿನ ಮೇಲೂ ಓಡಾಡುತ್ತದೆ. ಅದನ್ನು ಮತ್ತೆ ಕಾಣೋಣ.

ಅಮೆರಿಕದಲ್ಲಿ ಕಥೆ ಇನ್ನೂ ಘೋರ. ಅಲ್ಲಿ ಗೊರವಗಳನ್ನು ಸಂತೆಯ ಮಾಂಸಕ್ಕಾಗಿ ಹೊಡೆದು ಪೀಪಾಯಿಗಳಲ್ಲಿ ತುಂಬಿ ಪಟ್ಟಣಗಳಿಗೆ ಕಳುಹಿಸುತ್ತಿದ್ದರು. ಅಂಥ ಕಾಲದಲ್ಲಿ ಹರ್ಬರ್ಟ್ ಜಾಬ್ ಎಂಬ ಪಾದ್ರಿ ಕ್ಯಾಮೆರಾ ಹೊತ್ತು ಕಡಲ ಹಕ್ಕಿಗಳ ಹಿಂದೆ ಅಲೆದ. 1905ರಲ್ಲಿ ಅವನ 'ವೈಲ್ಡ್ ವಿಂಗ್ಸ್' ಪುಸ್ತಕ ಹೊರಬಂದಾಗ, ಆಗಿನ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅದಕ್ಕೆ ಪತ್ರರೂಪದ ಮುನ್ನುಡಿ ಬರೆದು, ಕೋವಿಯ ಜಾಗಕ್ಕೆ ಕ್ಯಾಮೆರಾ ಬರಲೆಂದು ಹಾರೈಸಿದ. ಸ್ವತಃ ದೊಡ್ಡ ಬೇಟೆಗಾರ ಹೇಳಿದ ಮಾತಿದು ಎಂಬುದನ್ನು ನೀವು ಗಮನಿಸಬೇಕು. ಹಕ್ಕಿಗಳ ರಕ್ಷಣೆಯ ಕಾನೂನು ಆ ದೇಶದಲ್ಲಿ 1918ರಲ್ಲಿ ಬಂತು. ಕೆಲವು ಜಾತಿಗಳ ಪಾಲಿಗೆ ಅದು ತಡವಾಯಿತು.

ಇತ್ತ ಇಂಗ್ಲೆಂಡಿನಲ್ಲಿ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಅಣ್ಣತಮ್ಮಂದಿರಿದ್ದರು. ಯಾರ್ಕ್‌ಷೈರಿನ ಥ್ವೇಟ್ ಎಂಬ ಹಳ್ಳಿಯವರು. ಅಣ್ಣನಿಗೆ ಬಾಲ್ಯದ ಅಪಘಾತದಿಂದ ಒಂದು ಕಾಲು ಕುಂಟು. 1892ರ ಏಪ್ರಿಲಿನಲ್ಲಿ ತಮ್ಮ ಚೆರಿ, ಮೊಟ್ಟೆಗಳಿರುವ ಹಕ್ಕಿಗೂಡೊಂದರ ಚಿತ್ರ ತೆಗೆದ. ಅಲ್ಲಿಂದ ಮೂರು ವರ್ಷಕ್ಕೆ, 1895ರಲ್ಲಿ, ಹೊರಬಯಲಿನಲ್ಲೇ ತೆಗೆದ ಛಾಯಾಚಿತ್ರಗಳಿಂದ ತುಂಬಿದ ಅವರ ಹಕ್ಕಿಗೂಡುಗಳ ಪುಸ್ತಕ ಪ್ರಕಟವಾಯಿತು.

ಆಗಿನ ಕ್ಯಾಮೆರಾ ಎಂಥದ್ದು, ಸ್ವಲ್ಪ ಊಹಿಸಿಕೊಳ್ಳಿ. ಮರದ ಪೆಟ್ಟಿಗೆ, ಅದಕ್ಕೊಂದು ಮುಕ್ಕಾಲಿ, ತಲೆಯ ಮೇಲೊಂದು ಕರಿಯ ಬಟ್ಟೆ, ಜೊತೆಗೆ ಗಾಜಿನ ಪ್ಲೇಟುಗಳ ಹೊರೆ. ಮಂಜುಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಬಿಂಬವನ್ನು ಹದಗೊಳಿಸಿ, ಗಾಜನ್ನು ತೆಗೆದು, ಪ್ಲೇಟನ್ನು ತುರುಕಿ, ಆಮೇಲೆ ಚಿತ್ರ ತೆಗೆಯಬೇಕು. ಅಷ್ಟು ಹೊತ್ತಿಗೆ ಹಕ್ಕಿ ಬೇರೆ ಊರಿಗೆ ಹೋಗಿರುತ್ತದೆ! ದೂರದ್ದನ್ನು ಹತ್ತಿರ ತರುವ ಲೆನ್ಸೂ ಕೈಗೆಟುಕುವಂತಿರಲಿಲ್ಲ. ಆದುದರಿಂದ ಹಕ್ಕಿ ಖಂಡಿತವಾಗಿ ಮರಳಿ ಬರುವ ಒಂದು ಬಿಂದು ಬೇಕು. ಅದಕ್ಕೆ ನಾಲ್ಕಾರು ಅಡಿ ದೂರದಲ್ಲಿ ಕ್ಯಾಮೆರಾ ಹೂಡಬೇಕು. ಅಂಥ ಬಿಂದು ಗೂಡಲ್ಲದೆ ಇನ್ನಾವುದು? ಹಕ್ಕಿಯ ಛಾಯಾಗ್ರಹಣ ಮೊದಲ ಐವತ್ತು ಅರವತ್ತು ವರ್ಷ ಗೂಡನ್ನೇ ಸುತ್ತಿದ್ದಕ್ಕೆ ಇದೇ ಕಾರಣ.

ಹತ್ತಿರ ಹೋಗಲು ಮರೆ ಬೇಕಷ್ಟೆ. ಕಿಯರ್ಟನ್ ಸೋದರರ ಮರೆಗಳು ನಾಟಕ ಕಂಪೆನಿಯವರೂ ನಾಚುವಂಥವು. ಲಂಡನ್ನಿನ ಪ್ರಸಿದ್ಧ ಚರ್ಮತುಂಬುಗಾರ ರೋಲೆಂಡ್ ವಾರ್ಡ್‌ನ ಅಂಗಡಿಯಲ್ಲಿ ನಿಜವಾದ ಎತ್ತಿನ ಚರ್ಮವನ್ನು ಮರದ ಚೌಕಟ್ಟಿಗೆ ಹೊದಿಸಿ ಒಂದು ಟೊಳ್ಳು ಎತ್ತನ್ನು ಮಾಡಿಸಿದರು. ಅದರ ಹೊಟ್ಟೆಯೊಳಗೆ ಮನುಷ್ಯ, ಅವನ ಮುಂದೆ ಕ್ಯಾಮೆರಾ. ಒಂದು ದಿನ ಎತ್ತು ಒಳಗಿದ್ದವನ ಸಮೇತ ಮಗುಚಿ, ನಾಲ್ಕೂ ಕಾಲನ್ನು ಆಕಾಶಕ್ಕೆ ಚಾಚಿ ಬಿತ್ತು. ಸೋದರ ಬಂದು ಎಬ್ಬಿಸುವತನಕ ಒಳಗಿನವನು ಹಾಗೆಯೇ ಇರಬೇಕಾಯಿತು! ಕುರಿ, ಹುಸಿ ಬಂಡೆ ಇವನ್ನೂ ಅವರು ಮಾಡಿ ನೋಡಿದರು. ನಗು ಬಂದರೂ ಇವರ ಶ್ರದ್ಧೆಗೆ ಕೈಮುಗಿಯಬೇಕು. ಆದರೆ ಈ ವಿದ್ಯೆಯ ಬುನಾದಿಯಲ್ಲಿ ಇದ್ದದ್ದು ವೇಷ. ಮನುಷ್ಯನು ಅಲ್ಲಿಲ್ಲವೆಂದು ಹಕ್ಕಿಯನ್ನು ನಂಬಿಸಬೇಕು.

ಹೊಲದಲ್ಲಿ ಎತ್ತು ನಿಂತರೆ ಹಕ್ಕಿ ನಂಬೀತು. ಬರಿಯ ಮರಳಿನ ತೀರದಲ್ಲಿ? ಅಲ್ಲಿ ಮರವಿಲ್ಲ, ಪೊದೆಯಿಲ್ಲ, ಬೇಲಿಯಿಲ್ಲ. ಇನ್ನು ಗೂಡು ಎಂದೆನಲ್ಲ, ಪ್ಲೋವರಿನ ಗೂಡೆಂದರೆ ಮರಳಿನಲ್ಲೊಂದು ಅಂಗೈಯಗಲದ ಕುಳಿ. ಅದರಲ್ಲಿ ಮರಳಿನ ಬಣ್ಣದ್ದೇ ಚುಕ್ಕೆ ಚುಕ್ಕೆಯ ಮೊಟ್ಟೆಗಳು. ನಮ್ಮ ನದಿಗಳ ಮರಳು ದಿಣ್ಣೆಗಳಲ್ಲಿಯೂ ಇವುಗಳ ನೆಂಟ, ಕಣ್ಣಿನ ಸುತ್ತ ಹಳದಿ ಬಳೆ ತೊಟ್ಟ ಒಂದು ಚಿಕ್ಕ ಪ್ಲೋವರ್, ಹೀಗೆಯೇ ಮೊಟ್ಟೆ ಇಡುತ್ತದೆ. ಬಿಸಿಲಿನ ನಾಡುಗಳಲ್ಲಿ ತಾಯಿ ಮೊಟ್ಟೆಯ ಮೇಲೆ ಕೂರುವುದು ಕಾವಿಗೆ ಮಾತ್ರವಲ್ಲ, ನೆರಳಿಗೆ. ಕೆಂಟಿಶ್ ಪ್ಲೋವರ್ ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಣಿಸುವುದುಂಟು. ಇಂಥ ತಾಯಿಯನ್ನು ಕ್ಯಾಮೆರಾದ ಭಯದಿಂದ ಅರ್ಧ ಗಂಟೆ ದೂರವಿಟ್ಟರೆ ಒಳಗಿನ ಜೀವ ಬೆಂದುಹೋದೀತು. ಮನುಷ್ಯ ಎಲ್ಲಿ ಕುಳಿತೆದ್ದನೆಂದು ಗಮನಿಸುವ ಕಾಗೆಗಳು ಬೇರೆ. ಆ ಕಾಲದ ಸೊಗಸಾದ ಗೂಡಿನ ಚಿತ್ರಗಳನ್ನು ನೋಡುವಾಗ, ಚಿತ್ರದ ಮರುದಿನ ಏನಾಯಿತೋ ಎಂದು ನನ್ನ ಮನಸ್ಸು ಅಳುಕುತ್ತದೆ.

ಈ ಅಳುಕನ್ನು ತಮ್ಮ ಬಾಳಿನಲ್ಲಿ ಬಗೆಹರಿಸಿಕೊಂಡವರಲ್ಲಿ ಎಮ್ಮಾ ಟರ್ನರ್ ಒಬ್ಬರು. 1867ರಲ್ಲಿ ಹುಟ್ಟಿದ ಈ ಮಹಿಳೆ 1900ರಲ್ಲಿ ರಿಚರ್ಡ್ ಕಿಯರ್ಟನ್‌ನನ್ನು ಕಂಡ ಮೇಲೆ ಕ್ಯಾಮೆರಾ ಹಿಡಿದರು. ನಾರ್ಫೋಕಿನ ಹಿಕ್ಲಿಂಗ್ ಎಂಬಲ್ಲಿನ ಜೌಗುನೀರಿನಲ್ಲಿ ದೋಣಿಮನೆಯೊಂದನ್ನು ಮಾಡಿಕೊಂಡು ವರ್ಷಗಟ್ಟಲೆ ಹಕ್ಕಿಗಳ ನಡುವೆ ಇದ್ದರು. ಬಿಟರ್ನ್ ಎಂಬ ಬಕಜಾತಿಯ ಹಕ್ಕಿ ಇಂಗ್ಲೆಂಡಿನಲ್ಲಿ ಮರಿಮಾಡುವುದು ನಿಂತೇಹೋಯಿತೆಂದು ಎಲ್ಲರೂ ನಂಬಿದ್ದಾಗ, 1911ರಲ್ಲಿ ಅದರ ಮರಿಯ ಚಿತ್ರವನ್ನು ತೆಗೆದು ಸಾಕ್ಷಿ ಒದಗಿಸಿದರು. ಮುಖ್ಯವಾದದ್ದು ಅದರ ಮುಂದಿನದು. ನಾರ್ಫೋಕಿನ ಉತ್ತರ ತೀರದಲ್ಲಿ ಸ್ಕಾಲ್ಟ್ ಹೆಡ್ ಎಂಬ ಮರಳಿನ ದ್ವೀಪವಿದೆ. ರೀವ, ಪ್ಲೋವರ್ ಮುಂತಾದುವು ನೆಲದ ಮೇಲೆಯೇ ಮೊಟ್ಟೆಯಿಡುವ ಸ್ಥಳ. 1923ರಲ್ಲಿ ಅದು ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂತು. ಅದರ ಮೊದಲ ಕಾವಲುಗಾರರಾಗಿ ಟರ್ನರ್ 1924 ಮತ್ತು 1925ರ ಋತುಗಳನ್ನು ಅಲ್ಲಿನ ಗುಡಿಸಿಲಿನಲ್ಲಿ ಕಳೆದರು. ಆಗ ಅವರಿಗೆ ಐವತ್ತೇಳು ದಾಟುತ್ತಿತ್ತು. ಪತ್ರಿಕೆಗಳು ಅವರನ್ನು ದೇಶದಲ್ಲೆಲ್ಲ ಅತ್ಯಂತ ಒಂಟಿಯಾದ ಹೆಂಗಸೆಂದು ಬಣ್ಣಿಸಿದುವು. ಬಂದುಹೋಗುವ ನೋಟಕರನ್ನು ಗೂಡುಗಳ ಮೇಲೆ ಕಾಲಿಡದಂತೆ ತಡೆಯುವುದರಲ್ಲೇ ದಿನ ಕಳೆಯುವವರಿಗೆ ಒಂಟಿತನಕ್ಕೆ ಪುರುಸೊತ್ತೆಲ್ಲಿ ಎಂದು ನನಗನ್ನಿಸುತ್ತದೆ. ಹೇಗೂ, ಚಿತ್ರ ತೆಗೆಯಲು ಬಂದವರು ಕಾಯಲು ನಿಂತದ್ದು ದೊಡ್ಡ ತಿರುವು. 1928ರಲ್ಲಿ ಆ ದ್ವೀಪದ ಬಗೆಗೆ ಅವರು ಪುಸ್ತಕ ಬರೆದರು. ಕೊನೆಯ ಎರಡು ವರ್ಷ ಅವರಿಗೆ ಕಣ್ಣು ಕಾಣಿಸಲಿಲ್ಲ, 1940ರಲ್ಲಿ ತೀರಿಕೊಂಡರು.

ಹಕ್ಕಿಯ ಚಿತ್ರಗಾರರಿಗೂ ಕಣ್ಣಿಗೂ ಅದೇನು ಹಗೆತನವೋ! ಎರಿಕ್ ಹಾಸ್ಕಿಂಗ್ ಎಂಬ ಹೆಸರಾಂತ ಛಾಯಾಗ್ರಾಹಕನು 1937ರಲ್ಲಿ ಗೂಬೆಯೊಂದು ಪಂಜದಿಂದ ಹೊಡೆದುದರಿಂದ ಒಂದು ಕಣ್ಣನ್ನೇ ಕಳೆದುಕೊಂಡ. ಉಳಿದ ಒಂದು ಕಣ್ಣಿನಲ್ಲೇ ಇನ್ನೂ ಐವತ್ತು ವರ್ಷ ಹಕ್ಕಿಗಳನ್ನು ನೋಡಿದ. ಕಡಲ ತೀರದ ಚಿತ್ರಣಕ್ಕೆ ಅವನು ಮತ್ತು ಅವನ ಜೊತೆಗಾರರು ಕೊಟ್ಟ ಹೊಸ ದಾರಿಯೊಂದಿದೆ. ಡೀ ನದಿಯ ಅಳಿವೆಯಲ್ಲಿ ಹಿಲ್ಬ್ರೆ ಎಂಬ ಕಲ್ಲಿನ ಪುಟ್ಟ ದ್ವೀಪಗಳಿವೆ. ಇಳಿತದ ಹೊತ್ತಿಗೆ ಸುತ್ತಲೂ ಕೆಸರುಬಯಲು. ಸಾವಿರಾರು ಗೊರವಗಳು ಅಲ್ಲಿ ಮೇಯುತ್ತವೆ. ಭರತ ಏರಿತೆಂದರೆ ಮೇಯುವ ನೆಲ ಮುಳುಗಿ, ಹಕ್ಕಿಗಳೆಲ್ಲ ಒತ್ತೊತ್ತಾಗಿ ಬಂಡೆಗಳ ಮೇಲೆ ಬಂದು ಕೂರುತ್ತವೆ. ನೀರು ಏರುವ ಮೊದಲೇ ಹೋಗಿ ಅಲ್ಲಿ ಮರೆಹೂಡಿ ಸುಮ್ಮನೆ ಕುಳಿತರಾಯಿತು. ನೀವು ಹಕ್ಕಿಯ ಬಳಿಗೆ ಹೋಗಬೇಕಿಲ್ಲ. ಕಡಲೇ ಹಕ್ಕಿಯನ್ನು ನಿಮ್ಮ ಬಳಿಗೆ ತರುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸೈನ್ಯದ ಮುಖ್ಯಸ್ಥನಾಗಿದ್ದ ಫೀಲ್ಡ್ ಮಾರ್ಷಲ್ ಅಲನ್‌ಬ್ರೂಕ್ ಸಹ ಹಾಸ್ಕಿಂಗ್ ಜೊತೆಯಲ್ಲಿ ಇಲ್ಲಿ ಬಂದು ಹೀಗೆ ಕಾದು ಕುಳಿತವನು. ಗೂಡಿನ ಹಂಗಿಲ್ಲದೆ ತೀರದ ಹಕ್ಕಿಯನ್ನು ಸಮೀಪದಿಂದ ಚಿತ್ರಿಸಬಹುದೆಂಬುದು ಇಂಥ ಪ್ರಯತ್ನಗಳಿಂದ ಖಚಿತವಾಯಿತು.

ಭಾರತದಲ್ಲಿ ಈ ವಿದ್ಯೆಗೆ ಮೊದಲ ಮುಖ್ಯ ಗ್ರಂಥವೆಂದರೆ ಇ. ಎಚ್. ಎನ್. ಲೋಥರ್ 1949ರಲ್ಲಿ ಪ್ರಕಟಿಸಿದ್ದು. ಅನಂತರ ಲೋಕ್ ವಾನ್ ಥೋ ಅವರ ಪುಸ್ತಕ 1957ರಲ್ಲಿ ಬಂತು. ಮಲಯದಲ್ಲಿ ಹುಟ್ಟಿದ ಈ ಸಿರಿವಂತರು 1942ರಲ್ಲಿ ಹಡಗಿನ ಮೇಲೆ ಬಾಂಬು ಬಿದ್ದು ಸುಟ್ಟ ಗಾಯಗಳಿಂದ ಕೆಲಕಾಲ ಕುರುಡರಾಗಿ, ಭಾರತಕ್ಕೆ ಬಂದು ಚೇತರಿಸಿಕೊಂಡು, ಸಾಲಿಂ ಅಲಿಯವರ ಒಡನಾಟದಲ್ಲಿ ಹಕ್ಕಿಗಳ ಹುಚ್ಚು ಹಚ್ಚಿಕೊಂಡವರು. ಕಣ್ಣಿನ ವಿಷಯದಲ್ಲಿ ಇವರೊಬ್ಬರು ಪುಣ್ಯವಂತರು ಎನ್ನಬೇಕು. 1964ರ ವಿಮಾನ ದುರಂತವೊಂದರಲ್ಲಿ ತೀರಿಕೊಂಡರು. ನಮ್ಮ ನಾಡಿನಲ್ಲಿಯೂ ಟಿ. ಎನ್. ಎ. ಪೆರುಮಾಳ್‌ರಂಥ ಕುಶಲಿಗಳು, ಮೂಡಿಗೆರೆಯ ತೋಟದಿಂದ ಹಕ್ಕಿಗಳನ್ನು ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರು ದೊಡ್ಡ ಪರಂಪರೆಯನ್ನೇ ಬೆಳೆಸಿದ್ದಾರೆ. ಆದರೆ ನಮ್ಮವರ ಒಲವು ಬಹುವಾಗಿ ಕಾಡಿನ ಕಡೆಗೆ, ಕೆರೆಯ ಕಡೆಗೆ. ಕಡಲ ಮರಳಿನ ಕಡೆಗೆ ತಿರುಗಿದ್ದು ತಡವಾಗಿ ಎಂದು ನನ್ನ ಭಾವನೆ.

ಮಲಗುವ ಪದ್ಧತಿಗೆ ದಾರಿ ಮಾಡಿದ್ದು ಯಂತ್ರಗಳ ಸುಧಾರಣೆಯೇ ಸರಿ. 1959ರಲ್ಲಿ ಬಂದ ನಿಕಾನ್ ಎಫ್‌ನಂಥ ಕೈಯಲ್ಲಿ ಹಿಡಿಯುವ ರಿಫ್ಲೆಕ್ಸ್ ಕ್ಯಾಮೆರಾಗಳಿಂದ ಲೆನ್ಸಿನ ಕಣ್ಣಿಗೆ ಕಂಡದ್ದೇ ನಮ್ಮ ಕಣ್ಣಿಗೂ ಕಾಣುವಂತಾಯಿತು. ಉದ್ದ ಲೆನ್ಸುಗಳು ಹಗುರವಾದುವು. 1985ರ ಮಿನೋಲ್ಟಾ 7000ದ ತರುವಾಯ ತಾನಾಗಿಯೇ ನಾಭಿ ಹಿಡಿಯುವ ಉಪಾಯ ಬಂತು. ಈಚೆಗಂತೂ ಸದ್ದಿಲ್ಲದೆ ಚಿತ್ರ ಹಿಡಿಯುವ, ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಕ್ಯಾಮೆರಾಗಳಿವೆ. ಮೇಲಕ್ಕೆ ಮಡಚುವ ತೆರೆಯಿರುವುದರಿಂದ ಕತ್ತು ಮುರಿದುಕೊಳ್ಳಬೇಕಾಗಿಲ್ಲ. ಆದರೂ ಲೆನ್ಸಿನ ಅಡಿಗೆ ಕೆಲವರು ಇಡುವುದೇನು ಗೊತ್ತೆ? ಅಡಿಗೆಮನೆಯ ಹಳೆಯ ಕಾವಲಿ! ಮರಳಿನ ಮೇಲೆ ಅದು ಜಾರುತ್ತದೆ, ಹೂತುಹೋಗುವುದಿಲ್ಲ.

ಕೆಳಗಿಳಿದರೆ ಚಿತ್ರ ಬದಲಾಗುವುದೇಕೆ ಎಂಬುದಕ್ಕೆ ಸಣ್ಣ ಲೆಕ್ಕವೊಂದಿದೆ. ನಾಲ್ಕು ಅಂಗುಲ ಎತ್ತರದ ಹಕ್ಕಿ ನಿಮ್ಮಿಂದ ಇಪ್ಪತ್ತು ಅಡಿ ದೂರದಲ್ಲಿದೆ. ಐದಡಿ ಎತ್ತರದಿಂದ ನೀವು ನೋಡಿದರೆ ಅದರ ತಲೆಯ ಮೇಲಿಂದ ಹಾಯ್ದ ದೃಷ್ಟಿರೇಖೆ ಒಂದೂವರೆ ಅಡಿಯಾಚೆಗೇ ಮರಳನ್ನು ತಾಗುತ್ತದೆ. ಹಕ್ಕಿಗೆ ಮರಳೇ ಗೋಡೆ. ಎರಡೂ ಒಂದೇ ಬಣ್ಣ. ಹಕ್ಕಿ ಅಡಗುವುದಕ್ಕೆಂದೇ ಪ್ರಕೃತಿ ಕೊಟ್ಟ ಬಣ್ಣ. ನಾಲ್ಕು ಅಂಗುಲದ ಎತ್ತರಕ್ಕೇ ನೀವೂ ಇಳಿದರೆ ಆ ರೇಖೆ ನೆಲವನ್ನು ತಾಗದೆ ದಿಗಂತದವರೆಗೂ ಓಡುತ್ತದೆ. ಹಿಂದಿನದೆಲ್ಲ ಬಹುದೂರದ್ದಾದುದರಿಂದ ಮಸುಕಾಗಿ, ಹಕ್ಕಿಯೊಂದೇ ಸ್ಫುಟವಾಗಿ ಎದ್ದುನಿಲ್ಲುತ್ತದೆ.

ಇದಕ್ಕಿಂತ ಸೋಜಿಗದ್ದು ಹಕ್ಕಿಯ ನಡತೆ. ಆಕಾಶಕ್ಕೆ ಎದುರಾಗಿ ನೆಟ್ಟಗೆ ನಿಂತ ಮನುಷ್ಯನನ್ನು ಕಂಡು ನೂರಡಿಯಿಂದಲೇ ಹಾರುವ ಗೊರವ, ಮರಳಿಗೆ ಅಂಟಿ ಅಲುಗದೆ ಮಲಗಿದವನ ಪಕ್ಕದಲ್ಲಿಯೇ ಮೇಯುತ್ತ ಹೋಗುತ್ತದೆ. ಅದು ಮೋಸಹೋಗಿದೆಯೆಂದು ತಿಳಿಯಬೇಡಿ. ತೆರೆದ ಬಯಲಿನಲ್ಲಿ ಬಿದ್ದಿರುವ ಆರಡಿಯ ಜೀವಿ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಇವನಿಂದ ಭಯವಿಲ್ಲವೆಂದು ಅದು ತೀರ್ಮಾನಿಸಿರುತ್ತದೆ, ಅಷ್ಟೆ. ಟೊಳ್ಳು ಎತ್ತಿನ ಯುಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ನೋಡಿ: ಅಲ್ಲಿ ಹಕ್ಕಿಗೆ ತಿಳಿಯದಂತೆ ಚಿತ್ರ, ಇಲ್ಲಿ ಹಕ್ಕಿಯ ಒಪ್ಪಿಗೆಯಿಂದ ಚಿತ್ರ. ಒಪ್ಪಿಗೆ ಯಾವ ಗಳಿಗೆಯಲ್ಲೂ ರದ್ದಾದೀತು.

ಕೆಳಮಟ್ಟದ ಚಿತ್ರಕ್ಕೆ ಸೌಂದರ್ಯವಲ್ಲದೆ ಬೇರೆ ಪ್ರಯೋಜನವೂ ಉಂಟು. ಅದರಲ್ಲಿ ಕಾಲು ಕಾಣುತ್ತದೆ. ಹಕ್ಕಿಗಳ ವಲಸೆಯನ್ನು ಅರಿಯಲು ವಿಜ್ಞಾನಿಗಳು ಕಟ್ಟುವ ಬಣ್ಣದ ಪಟ್ಟಿಯ ಅಕ್ಷರಗಳನ್ನು ಓದಬಹುದು. 1995ರಲ್ಲಿ ಅರ್ಜೆಂಟೀನದ ದಕ್ಷಿಣ ತುದಿಯಲ್ಲಿ ಕೆಂಪು ನಾಟ್ ಜಾತಿಯ ಗೊರವವೊಂದನ್ನು ಹಿಡಿದು ಗುರುತು ಕಟ್ಟಿದರು; ಮುಂದೆ ಅದು ತೊಟ್ಟ ಕಿತ್ತಳೆ ಪಟ್ಟಿಯ ಮೇಲಿನ 'ಬಿ95' ಎಂಬುದೇ ಅದರ ಹೆಸರಾಯಿತು. ದಕ್ಷಿಣದ ತುದಿಯಿಂದ ಉತ್ತರ ಧ್ರುವದ ಕಡೆಗೂ ಮತ್ತೆ ಹಿಂದಕ್ಕೂ ವರ್ಷವರ್ಷವೂ ಹಾರುತ್ತಿದ್ದ ಅದನ್ನು 2014ರವರೆಗೂ ಜನ ಗುರುತಿಸಿದರು. ಅಷ್ಟರಲ್ಲಿ ಅದು ಹಾರಿದ ದೂರ ಚಂದ್ರನವರೆಗಿನ ದೂರವನ್ನು ಮೀರಿತ್ತೆಂದು ಲೆಕ್ಕಹಾಕಿದ್ದಾರೆ. ಇದಕ್ಕೆ ಎದುರಾದ ಕಥೆ ಎಸ್ಕಿಮೋ ಕರ್ಲೂ ಎಂಬ ಹಕ್ಕಿಯದು. ಪೀಪಾಯಿಗಳಲ್ಲಿ ತುಂಬಿ ಮಾರಿದರೆಂದೆನಲ್ಲ, ಆ ಗುಂಪಿನದು. 1962ರಲ್ಲಿ ಟೆಕ್ಸಾಸಿನ ಗ್ಯಾಲ್ವೆಸ್ಟನ್ ದ್ವೀಪದಲ್ಲಿ ಜೀವಂತ ಹಕ್ಕಿಯ ಚಿತ್ರಗಳನ್ನು ತೆಗೆದರು. ಮರುವರ್ಷ ಬಾರ್ಬಡೋಸಿನಲ್ಲಿ ಒಂದನ್ನು ಗುಂಡಿಕ್ಕಿ ಕೊಂದರು. ಅಲ್ಲಿಂದೀಚೆಗೆ ಅದನ್ನು ಖಚಿತವಾಗಿ ಕಂಡವರಿಲ್ಲ.

ಗೂಡಿನ ಚಿತ್ರದ ಕಾಲ ಮುಗಿಯುತ್ತ ಬಂದಿದೆ. ಬ್ರಿಟನ್ನಿನ 1981ರ ಕಾಯಿದೆಯ ಪ್ರಕಾರ ಕೆಂಟಿಶ್ ಪ್ಲೋವರಿನಂಥ ಹಕ್ಕಿಯನ್ನು ಗೂಡಿನ ಬಳಿ ಅನುಮತಿಯಿಲ್ಲದೆ ಕದಲಿಸುವುದು ಅಪರಾಧ; ಅನೇಕ ಸ್ಪರ್ಧೆಗಳು ಈಗ ಗೂಡಿನ ಚಿತ್ರವನ್ನು ಸ್ವೀಕರಿಸುವುದೂ ಇಲ್ಲ. ಹಾಗೆಂದು ಮಲಗಿದವರೆಲ್ಲ ಸಾಧುಗಳಲ್ಲ. ಹಾರುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿ ಎಬ್ಬಿಸುವವರನ್ನು ಕಂಡಿದ್ದೇನೆ. ಮಾರ್ಚಿ-ಏಪ್ರಿಲಿನಲ್ಲಿ ಈ ಹಕ್ಕಿಗಳು ಸಾವಿರಾರು ಮೈಲಿಯ ಪಯಣಕ್ಕೆ ಕೊಬ್ಬು ಕೂಡಿಸಿಕೊಳ್ಳುತ್ತಿರುತ್ತವೆ. ಒಂದೊಂದು ವ್ಯರ್ಥ ಹಾರಾಟವೂ ಆ ಗಂಟಿನಿಂದ ಕಳೆದದ್ದೇ. ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ದೊರೆತ ಮೇಲೆ ಅಂಥ ಕಡೆಗಳಿಗೆ ಕ್ಯಾಮೆರಾದವರೂ ಹೆಚ್ಚಾಗಿ ಬಂದಾರು. ಬರಲಿ, ಭರತದ ಹೊತ್ತಿನಲ್ಲಿ ಒಂದೇ ಕಾಲಿನ ಮೇಲೆ ನಿಂತು ನಿದ್ರಿಸುವ ಗುಂಪನ್ನು ಮಾತ್ರ ಅವರು ದೂರದಿಂದಲೇ ನೋಡಿ ಹೋಗುವುದಾದರೆ ಒಳ್ಳೆಯದು.

ಇನ್ನು ನನ್ನ ಪಾಡು. ಕೆಲವು ವರ್ಷಗಳ ಹಿಂದೆ, ಜನವರಿಯ ಒಂದು ಬೆಳಿಗ್ಗೆ, ಕಾಪುವಿನ ದೀಪಸ್ತಂಭದ ಉತ್ತರಕ್ಕೆ ಮರಳಿನ ಮೇಲೆ ಮಲಗಿದ್ದೆ. ಸೂರ್ಯ ಬೆನ್ನ ಹಿಂದೆ. ಕೈರಂಪಣಿ ಎಳೆಯಲು ಬಂದ ಹಿರಿಯ ಮೀನುಗಾರರೊಬ್ಬರು ಹತ್ತಿರ ಬಂದು, "ಎಂತ ಮಾರಾಯ್ರೆ, ತಲೆ ತಿರುಗಿ ಬಿದ್ದದ್ದಾ?" ಎಂದರು.

"ಇಲ್ಲ, ಹಕ್ಕಿ ನೋಡ್ತಾ ಇದ್ದೇನೆ."

"ಹಕ್ಕಿ ನೋಡ್ಲಿಕ್ಕೆ ಮಲಗ್ಬೇಕಾ?" ಎಂದು ನಕ್ಕು, ಹಗ್ಗ ಹೆಗಲಿಗೇರಿಸಿ ಹೋದರು. ಹೋಗುವಾಗ ಹಕ್ಕಿಗಳಿದ್ದ ಕಡೆ ಕಾಲಿಡದೆ ಬಳಸಿ ಹೋದುದನ್ನು ನೋಡಿದೆ.

ಒಂದು ಗಂಟೆ ಕಳೆಯಿತು. ಮೊಣಕೈ ಮರಗಟ್ಟಿತು, ಅಂಗಿಯೊಳಗೆ ಮರಳು, ತುಟಿಯಲ್ಲಿ ಉಪ್ಪು. ಆಗ ಕೆಂಟಿಶ್ ಪ್ಲೋವರೊಂದು ನಾಲ್ಕು ಹೆಜ್ಜೆ ಓಡಿ, ನಿಂತು, ಮತ್ತೆ ನಾಲ್ಕು ಹೆಜ್ಜೆ ಓಡಿ ನನ್ನತ್ತಲೇ ಬಂತು. ಮೂವತ್ತು ಅಡಿ, ಇಪ್ಪತ್ತು ಅಡಿ. ಆಮೇಲೆ ಇನ್ನೂ ಹತ್ತಿರ. ನನ್ನ ಲೆನ್ಸಿಗೆ ಹತ್ತು ಅಡಿಯೊಳಗಿನದು ಹಿಡಿಯದು. ಗಾಜಿನಲ್ಲಿ ಕಂಡದ್ದು ಬರಿಯ ಮಬ್ಬು. ಕ್ಯಾಮೆರಾದಿಂದ ಮೆಲ್ಲನೆ ಕಣ್ಣು ತೆಗೆದು ನೋಡಿದೆ. ನಾನು ಬರುವಾಗ ಮರಳಿನಲ್ಲಿ ಮೂಡಿಸಿದ್ದ ಹೆಜ್ಜೆಯ ಗುಳಿಯೊಂದಿತ್ತು. ಹಕ್ಕಿ ಅದರೊಳಕ್ಕೆ ಇಳಿದು, ಗಾಳಿಗೆ ಮರೆಯಾಗಿ, ಗರಿ ಉಬ್ಬಿಸಿಕೊಂಡು ಕುಳಿತಿತು.